ಐದನೆಯ ಗುಬ್ಬಿ

ಪ್ರಿಯ ಗೆಳೆಯ,

ನಿನ್ನ ಪತ್ರ ಬಂದು ತಲುಪಿತು. ನಮ್ಮಿಬ್ಬರ ಆ ಹಳೆಯ ಛತ್ರಿಯ ತಕರಾರನ್ನು ನೀನು ಮತ್ತೆ ಎತ್ತಿರುವೆ. ಆ ವಿಷಯದಲ್ಲಿ ಉತ್ತರ ಕೊಡಬೇಕಾದವನು ಇನ್ನೂ ನೀನೇ ಎಂಬುದನ್ನು ಎಲ್ಲರ ಎದುರಿಗೆ ಹೇಳಿಟ್ಟಿರುತ್ತೇನೆ. ಆದರೆ ಪತ್ರದ ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆಯನ್ನು ಬದಿಗಿಡಲು ನನ್ನಿಂದಾಗಲಿಲ್ಲ. ದೇವರನ್ನು ತಂದೆಯೆಂದು ಕರೆಯುವಾಗ ಆತನ ಕಣ್ಣು ನನ್ನ ಮೇಲಿದೆ ಎಂದು ನಿಜವಾಗಿ ಅನ್ನಿಸುತ್ತದೆಯೇ ಎಂದು ಕೇಳಿದ್ದೆ. ಈ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುವವರು ಬಹಳ ಜನರಿರಬಹುದೆಂದು ತೋರಿದ್ದರಿಂದ, ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನೀನು ಬೇಸರಪಟ್ಟುಕೊಳ್ಳಲಾರೆ ಎಂಬ ನಂಬಿಕೆ ನನಗಿದೆ.

ದೇವರನ್ನು ತಂದೆಯೆನ್ನುವುದು ಹಳೆಯ ಮಾತು, ಎಲ್ಲ ಕಡೆಗಳಲ್ಲೂ ಕೇಳಿಬರುವ ಮಾತು. ಋಗ್ವೇದದ ಮೊದಲ ಸೂಕ್ತದ ಕೊನೆಯ ಮಂತ್ರವೇ, ಮಗನಿಗೆ ತಂದೆ ಹೇಗೋ ಹಾಗೆ ನಮಗೆ ಸುಲಭವಾಗಿ ಒದಗುವವನಾಗು ಎಂದು ಅಗ್ನಿಯನ್ನು ಬೇಡಿಕೊಳ್ಳುತ್ತದೆ. ವಿಶ್ವರೂಪವನ್ನು ಕಂಡು ನಡುಗಿದ ಅರ್ಜುನ, ತಂದೆ ಮಗನನ್ನು ಸೈರಿಸಿಕೊಳ್ಳುವಂತೆ ನನ್ನನ್ನು ಸೈರಿಸಿಕೋ ಎನ್ನುತ್ತಾನೆ. 12ನೆಯ ಶತಮಾನದ ಬಸವಣ್ಣನವರಂತೂ ತಂದೆ ನೀನು, ತಾಯಿ ನೀನು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಲೋಕವನ್ನು ಹುಟ್ಟಿಸಿದವನೆಂಬ ಕಾರಣಕ್ಕೆ ಆತನನ್ನು ತಂದೆಯೆನ್ನಲು ನನಗೆ ಎಂದೂ ಕಷ್ಟವಾಗಿಲ್ಲ. ಆದರೆ ಆತ ನನ್ನೊಬ್ಬನನ್ನು ಬಿಡಿಯಾಗಿ ಗಮನಿಸುತ್ತಾನೆ, ನನ್ನ ಸಣ್ಣಪುಟ್ಟ ಆತಂಕಗಳಿಗೂ ಕಿವಿಗೊಡುತ್ತಾನೆ ಎಂದು ನಂಬುವುದಕ್ಕೆ ಬೇರೆಯೇ ಧೈರ್ಯ ಬೇಕಾಗುತ್ತದೆ, ಏಕೆಂದರೆ ಹಾಗೆ ನಂಬಿದವನು ಆತನ ಮೌನವನ್ನೂ ಎದುರಿಸಬೇಕಾಗುತ್ತದೆ.

ಗುಬ್ಬಿಗಳ ಮಾತು ನಿನಗೆ ಗೊತ್ತೇ ಇದೆ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮತ್ತಾಯನ ಸುವಾರ್ತೆಯಲ್ಲಿ ಒಂದು ಕಾಸಿಗೆ ಎರಡು ಗುಬ್ಬಿಗಳು ಮಾರಾಟವಾಗುತ್ತವೆ. ಲೂಕನ ಸುವಾರ್ತೆಯಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ ನೋಡಿದರೆ ಆ ಐದನೆಯ ಗುಬ್ಬಿಗೆ ಬೆಲೆಯೇ ಇಲ್ಲ, ಅದು ಕೊಂಡವನಿಗೆ ಸುಮ್ಮನೆ ಸಿಕ್ಕಿದ್ದು. ಅವುಗಳಲ್ಲಿ ಒಂದನ್ನಾದರೂ ದೇವರು ಮರೆತಿಲ್ಲವೆಂದು ಯೇಸು ಹೇಳುವುದು ಈ ಐದನ್ನೂ ಸೇರಿಸಿಯೇ. ಅದರ ಮುಂದೆಯೇ ನಮ್ಮ ತಲೆಗೂದಲುಗಳೆಲ್ಲ ಎಣಿಕೆಯಾಗಿವೆ ಎಂಬ ಮಾತು ಬರುತ್ತದೆ. ನಾವು ಎಷ್ಟೇ ಪ್ರೀತಿಸುವವರಾದರೂ ನಮ್ಮವರ ತಲೆಗೂದಲನ್ನು ಎಣಿಸಲು ಹೋಗುವುದಿಲ್ಲ; ಅಂಥ ಎಣಿಕೆಯಿಂದ ಯಾರಿಗೂ ಉಪಯೋಗವಿಲ್ಲ. ಉಪಯೋಗವಿಲ್ಲದ್ದನ್ನೂ ತಿಳಿದಿರುವಷ್ಟು ಹತ್ತಿರವಿರುವ ಈ ತಂದೆಯನ್ನು ನಾನು ಚಿಕ್ಕಂದಿನಿಂದಲೂ ಪ್ರೀತಿಸಿದ್ದೇನೆ.

ಆದರೂ ಗೆಳೆಯ, ಮತ್ತಾಯನ ಆ ವಾಕ್ಯದಲ್ಲಿ ಗುಬ್ಬಿ ನೆಲಕ್ಕೆ ಬೀಳುತ್ತದೆ. ತಂದೆಯ ಚಿತ್ತವಿಲ್ಲದೆ ಅದು ಬೀಳದೆಂದು ಹೇಳಿದೆಯೇ ಹೊರತು, ಬೀಳುವುದೇ ಇಲ್ಲವೆಂದು ಹೇಳಿಲ್ಲ. ಅಕ್ಕನ ಕಾಯಿಲೆಯ ಕಾಲದಲ್ಲಿ ನಾನು ಈ ವಾಕ್ಯದ ಮುಂದೆ ಬಹಳ ಹೊತ್ತು ಕುಳಿತದ್ದುಂಟು. ಆಕೆ ಉಳಿಯಲೆಂದು ಎಷ್ಟು ಬೇಡಿಕೊಂಡೆನೆಂಬುದನ್ನು ಇಲ್ಲಿ ಬರೆಯಲಾರೆ, ಆಕೆ ಉಳಿಯಲಿಲ್ಲ. ಆಮೇಲೆ ನಾನು ಪ್ರಾರ್ಥನೆಯನ್ನೇನೂ ಬಿಡಲಿಲ್ಲ. ಆದರೆ ಸರ್ವಶಕ್ತನೇ, ಕರ್ತನೇ, ದೇವರೇ ಎಂದು ಕರೆಯುತ್ತಿದ್ದೆನೇ ವಿನಾ ತಂದೆಯೇ ಎಂದು ಕರೆಯಲು ಬಾಯಿ ಬರುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ನಿನಗೂ ಹೇಳಿರಲಿಲ್ಲ. ಇನ್ನೂ ಒಂದು ಮಾತಿದೆ: ಅಕ್ಕ ಕೊನೆಯವರೆಗೂ ಆತನನ್ನು ಅಪ್ಪಾ ಎಂದೇ ಕರೆಯುತ್ತಿದ್ದಳು, ಅದನ್ನು ಕೇಳಿದಾಗಲೆಲ್ಲ ನನಗೆ ಆಕೆಯ ಮೇಲೆಯೇ ಸಿಟ್ಟು ಬರುತ್ತಿತ್ತು. ನೋವಿನಲ್ಲಿ ಮಲಗಿದ್ದವಳಿಗೆ ಆ ಕರೆ ಅಷ್ಟು ಸಹಜವಾಗಿ ಬರುತ್ತಿದ್ದುದು ಹೇಗೆಂಬುದು ನನಗೆ ಅರ್ಥವಾಗುತ್ತಿರಲಿಲ್ಲ.

ಈಚೆಗೆ ಮಾರ್ಕನ ಸುವಾರ್ತೆಯನ್ನು ಗಟ್ಟಿಯಾಗಿ ಓದುತ್ತಿದ್ದಾಗ, ಎಷ್ಟೋ ಸಲ ದಾಟಿಹೋಗಿದ್ದ ಒಂದು ಸಂಗತಿಯ ಬಳಿ ನಿಂತುಬಿಟ್ಟೆ. ಯೇಸು ತನ್ನ ಮನೆಮಾತಾದ ಅರಾಮಿಕ್‌ನಲ್ಲಿ ದೇವರನ್ನು ಅಬ್ಬಾ, ಅಂದರೆ ಅಪ್ಪಾ, ಎಂದು ಕರೆದದ್ದು ನಾಲ್ಕು ಸುವಾರ್ತೆಗಳಲ್ಲಿ ಒಂದೇ ಕಡೆ, ಮಾರ್ಕನ 14ನೆಯ ಅಧ್ಯಾಯದಲ್ಲಿ, ದಾಖಲಾಗಿದೆ. ಅದು ಯೇಸು ಸೆರೆಸಿಕ್ಕುವ ಮುನ್ನ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸಿದ ರಾತ್ರಿ. ಬರಲಿದ್ದ ಯಾತನೆಯನ್ನು ನೆನೆದು, ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಆತ ಕೇಳಿಕೊಂಡ, ನಿನ್ನ ಚಿತ್ತದಂತೆಯೇ ಆಗಲಿ ಎಂದೂ ಹೇಳಿದ, ಪಾತ್ರೆ ತೊಲಗಲಿಲ್ಲ. ಎಲ್ಲಕ್ಕಿಂತ ಸಲಿಗೆಯ ಆ ಕರೆ ನಮಗೆ ಉಳಿದು ಬಂದಿರುವುದು, ಕೇಳಿದ್ದು ದೊರೆಯದ ಪ್ರಾರ್ಥನೆಯೊಳಗಿನಿಂದ. ಮುಂದಿನ ಅಧ್ಯಾಯದಲ್ಲಿ, ಶಿಲುಬೆಯ ಮೇಲೆ, ಮಾರ್ಕ ಬರೆದಿರುವ ಕೂಗಿನಲ್ಲಿ ಆ ಕರೆಯೂ ಇಲ್ಲ. ಅಲ್ಲಿ 22ನೆಯ ಕೀರ್ತನೆಯ ಮಾತಿದೆ: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಲೂಕನಲ್ಲಿಯಾದರೆ ಕೊನೆಯ ಮಾತು ತಂದೆಯೇ ಎಂದೇ ಆರಂಭವಾಗುತ್ತದೆ, ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿಕೊಡುತ್ತದೆ.

ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ನನಗೆ ಅಳು ಬಂತು. ತಂದೆಯೆನ್ನಲಾಗದೆ ದೇವರೇ ಎಂದಷ್ಟೇ ಕೂಗಿದ ನಾನು ಒಂದು ಸುವಾರ್ತೆಯಲ್ಲಿದ್ದೆ. ಅಪ್ಪಾ ಎಂದು ಕಣ್ಣು ಮುಚ್ಚಿದ ಅಕ್ಕ ಇನ್ನೊಂದರಲ್ಲಿದ್ದಳು. ಎರಡು ಕೂಗನ್ನೂ ಕೇಳಿಸಿಕೊಂಡ ತಂದೆ ಒಬ್ಬನೇ.

ಬೈಬಲಿನಲ್ಲಿ ಪ್ರವಾದಿ ಹೋಶೇಯನ ಗ್ರಂಥದ 11ನೆಯ ಅಧ್ಯಾಯವನ್ನು ಬಿಡುವಾದಾಗ ಓದು. ಎಫ್ರಾಯಿಮಿಗೆ, ಅಂದರೆ ಇಸ್ರಾಯೇಲ್ ಜನರಿಗೆ, ನಡೆದಾಡುವುದನ್ನು ಕಲಿಸಿದವನು ನಾನೇ, ಅವರನ್ನು ಕೈಯಲ್ಲಿ ಎತ್ತಿಕೊಂಡವನು ನಾನೇ, ಆದರೆ ವಾಸಿಮಾಡಿದವನು ನಾನೆಂಬುದು ಅವರಿಗೆ ತಿಳಿಯಲಿಲ್ಲ ಎಂದು ಅಲ್ಲಿ ದೇವರು ಹೇಳುತ್ತಾನೆ. ನಡೆಯಲು ಕಲಿಯುವ ಮಗುವಿನ ಕಣ್ಣು ಮುಂದಿರುತ್ತದೆ. ಬೆನ್ನಿಗೆ ಒಡ್ಡಿದ ಕೈ ಅದಕ್ಕೆ ಕಾಣುವುದಿಲ್ಲ, ಬಿದ್ದ ಪೆಟ್ಟು ಮಾತ್ರ ನೆನಪಿನಲ್ಲಿರುತ್ತದೆ. ಅಕ್ಕನ ಆ ತಿಂಗಳುಗಳಲ್ಲಿ ನನ್ನನ್ನು ಎದ್ದು ನಿಲ್ಲಿಸಿದ್ದು ಯಾವುದೆಂದು ಆಗ ನನಗೆ ತಿಳಿದಿರಲಿಲ್ಲ. ನೀನು ದಿನವೂ ಫೋನ್ ಮಾಡಿ, ಏನೂ ಮಾತನಾಡಲು ತೋಚದೆ ಸುಮ್ಮನೆ ಜೊತೆಗಿರುತ್ತಿದ್ದೆಯಲ್ಲ, ಅದನ್ನು ಕಳಿಸಿದವನು ಯಾರೆಂದು ಈಗ ಅನ್ನಿಸುತ್ತಿದೆ.

ತಂದೆಯ ಹೆಸರೆತ್ತಿದರೆ ಭಯವಷ್ಟೇ ನೆನಪಾಗುವ ಮನೆಗಳಲ್ಲಿ ಬೆಳೆದವರೂ ಇದನ್ನು ಓದುತ್ತಿರಬಹುದು. ಅವರಿಗೆ ಈ ಕರೆ ಕಷ್ಟವಾದರೆ ಅದು ನ್ಯಾಯವೇ. ಪ್ರವಾದಿ ಯೆಶಾಯನ ಗ್ರಂಥದಲ್ಲಿ ಅದೇ ದೇವರು, ತಾಯಿ ಸಂತೈಸುವಂತೆ ನಿಮ್ಮನ್ನು ಸಂತೈಸುವೆನು ಎನ್ನುತ್ತಾನೆ. ಅಲ್ಲಿಂದ ಆರಂಭಿಸಿದರೂ ಆತ ಓಗೊಡುತ್ತಾನೆ.

ನಾನು ಈಗ ಪುನಃ ತಂದೆಯೇ ಎಂದು ಕರೆಯುತ್ತಿದ್ದೇನೆ, ಧ್ವನಿ ಇನ್ನೂ ಗಟ್ಟಿಯಾಗಿಲ್ಲ. ಕೇಳುವ ಮೊದಲೇ ನಿಮಗೆ ಬೇಕಾದದ್ದು ತಂದೆಗೆ ತಿಳಿದಿದೆ ಎಂದ ಯೇಸು, ಮರುವಾಕ್ಯದಲ್ಲಿಯೇ ಕೇಳುವುದನ್ನು ಕಲಿಸುತ್ತಾನೆ; ತಿಳಿದಿದ್ದರೂ ಮಕ್ಕಳ ಬಾಯಿಂದ ಕೇಳಬೇಕೆಂಬ ಆಸೆ ಆತನಿಗಿದೆಯೆಂದು ಅರ್ಥಮಾಡಿಕೊಂಡಿದ್ದೇನೆ. ಆದ್ದರಿಂದ ಕೇಳುತ್ತಿದ್ದೇನೆ, ನಿನ್ನ ಮಂಡಿನೋವಿನ ವಿಷಯವನ್ನೂ ಸೇರಿಸಿ.

ಹೇಳಬೇಕೆಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಹೇಳಿಬಿಟ್ಟೆ, ಇಲ್ಲಿಗೆ ನಿಲ್ಲಿಸುತ್ತೇನೆ. ಇದನ್ನು ನಾವು 'ಪ್ರವಾದಿ' ಎಂದು ಕರೆಯುವ ನಮ್ಮ ಗೆಳೆಯನಿಗೂ ತೋರಿಸು. ಆತ ಎಂದಿನಂತೆ ಎರಡನೆಯ ಪುಟದಿಂದಲೇ ಆಕ್ಷೇಪಣೆ ಆರಂಭಿಸುತ್ತಾನೆ, ಅದಕ್ಕೆ ನಾನು ಸಿದ್ಧನಿದ್ದೇನೆ. ಹೋಶೇಯನನ್ನು ಓದಿದ ಮೇಲೆ ನಿನಗೇನು ಅನ್ನಿಸಿತೆಂಬುದನ್ನು ತಪ್ಪದೆ ಬರೆ, ಈ ಸಲ ಒಂದು ಸಾಲಿನಲ್ಲಿ ಮುಗಿಸಬೇಡ.

ಪ್ರೀತಿಯಿಂದ,
ನಿನ್ನ ಗೆಳೆಯ