ಕಂಬ ಹತ್ತುವ ಮುನ್ನ

ಚಿ. ಮಂಜುನಾಥನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಿರಿಯ ಪವರ್‌ಮ್ಯಾನ್ ಆಗಿ ತೀರ್ಥಹಳ್ಳಿ ಕಡೆಗೆ ನೇಮಕವಾದ ಸುದ್ದಿಯನ್ನು ಅಕ್ಕ ಹೇಳಿದಳು. ಬಹಳ ಸಂತೋಷವಾಯಿತು. ಮಳೆ ಹಿಡಿದರೆ ಅಲ್ಲಿ ಮರ ಬಿದ್ದ ಲೈನುಗಳ ಹಿಂದೆ ಓಡುವುದೇ ಕೆಲಸ. ಲೈನ್‌ಮನ್ ಆಗಿ ನಿವೃತ್ತನಾದವನ ನಾಲ್ಕು ಮಾತನ್ನು ಅದಕ್ಕೆ ಮೊದಲೇ ಕೇಳು.

ಕೊಟ್ಟ ಸುರಕ್ಷತಾ ಸಾಮಗ್ರಿಯಲ್ಲಿ ಜನ ಮೊದಲು ಬಿಚ್ಚಿಡುವುದು ರಬ್ಬರ್ ಕೈಗವಸನ್ನು. ಕೈ ಬೆವರುತ್ತದೆ, ನಟ್ಟು ಹಿಡಿತಕ್ಕೆ ಸಿಗುವುದಿಲ್ಲ, ಬೇಗ ಮುಗಿಸಿ ಇಳಿಯೋಣ ಎನಿಸುತ್ತದೆ. ಆ ಆತುರಕ್ಕೆ ಸೋಲಬೇಡ. ಕೈಗವಸಿನ ಮೇಲೆ ಅಚ್ಚಾದ ಕ್ಲಾಸ್, ಅಂದರೆ ಎಷ್ಟು ವೋಲ್ಟ್ ತಡೆಯುತ್ತದೆಂಬ ದರ್ಜೆ, ನೋಡಿಕೋ. ಕೆಂಪು ಗುರುತಿನ ಕ್ಲಾಸ್ 0 ಬರೀ 1,000 ವೋಲ್ಟ್‌ವರೆಗೆ. 11 ಕೆ.ವಿ. (11,000 ವೋಲ್ಟ್) ಲೈನಿಗೆ ಹಳದಿ ಗುರುತಿನ ಕ್ಲಾಸ್ 2 ಬೇಕು, ಅದರ ಮಿತಿ 17,000 ವೋಲ್ಟ್. ಎರಡನ್ನೂ ಒಂದೇ ಚೀಲಕ್ಕೆ ತುರುಕಿ, ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳುವವರನ್ನು ನೋಡಿದ್ದೇನೆ. ತೊಡುವ ಮುನ್ನ ಪ್ರತಿಸಲ ಅಂಚಿನಿಂದ ಸುರುಳಿ ಸುತ್ತಿ ಗಾಳಿ ಹಿಡಿದು ಒತ್ತು. ಕೆನ್ನೆಯ ಹತ್ತಿರ ತಂದರೆ ಸೂಜಿಮೊನೆಯಷ್ಟು ತೂತಿದ್ದರೂ ತಿಳಿಯುತ್ತದೆ. ಆರು ತಿಂಗಳೊಳಗೆ ವೋಲ್ಟೇಜ್ ಪರೀಕ್ಷೆ ಆಗಿರಬೇಕು. ತಂತಿಯ ಎಳೆ ಚುಚ್ಚದಂತೆ ಮೇಲೊಂದು ಚರ್ಮದ ಕೈಗವಸಿರಲಿ. ಬಿಸಿಲಿನಲ್ಲಿ ಮಡಚಿಡಬೇಡ, ರಬ್ಬರು ಮಡಿಕೆಯಲ್ಲೇ ಬಿರಿಯುತ್ತದೆ.

ಹಾಗೆಂದು ಕೈಗವಸನ್ನೇ ನಂಬಿ ಕಂಬ ಹತ್ತಬಾರದು. ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿದೆ, ಕೆಲಸ ಮಾಡಬಹುದು ಎಂಬ ಅನುಮತಿ, ಬರಹದಲ್ಲಿ ಪಡೆ. ಮೂರೂ ತಂತಿಗಳನ್ನು ಒಟ್ಟಿಗೆ ಬಿಡಿಸುವ ಕಂಬದ ಸ್ವಿಚ್ಚಾದ ಜಿಒಎಸ್‌ನ ಮೂರೂ ಬ್ಲೇಡುಗಳು ಬಿಟ್ಟುಕೊಂಡಿವೆಯೇ ಎಂದು ಕಣ್ಣಾರೆ ನೋಡು. ಒಂದು ಅಂಟಿಕೊಂಡೇ ಉಳಿಯುವುದುಂಟು. ತಂತಿಯಲ್ಲಿ ಕರೆಂಟಿದೆಯೇ ಎಂದು ಡಿಟೆಕ್ಟರ್‌ನಿಂದ ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ಮಾಡು, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸು. ಕಟ್ಟುವಾಗ ಮೊದಲು ನೆಲದ ಕಡೆ, ಬಿಚ್ಚುವಾಗ ಮೊದಲು ತಂತಿಯ ಕಡೆ. ಫೀಡರ್ (ಊರಿಗೆ ಕರೆಂಟು ತರುವ ಲೈನ್) ಬಂದ್ ಆಗಿದ್ದರೂ ಯಾರದೋ ತೋಟದ ಮನೆಯ ಜನರೇಟರ್ ಕರೆಂಟು ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹರಿದರೆ, ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗಿ ನಿಂತಿರುತ್ತದೆ. ಎಷ್ಟೋ ಸಾವುಗಳ ಕಾರಣ ಇದೇ.

ಸೊಂಟದ ಬೆಲ್ಟ್ ಕೊಟ್ಟರೆ ಮೈತುಂಬಾ ಕಟ್ಟುವ ಹಾರ್ನೆಸ್ ಕೇಳು. ಹೆಲ್ಮೆಟ್ಟಿನ ಗದ್ದದ ಪಟ್ಟಿ ಹಾಕಿಕೋ.

ನಿನ್ನ ಜೊತೆ ಬರುವ ಗುತ್ತಿಗೆ ಹುಡುಗರ ಕಾಲು ನೋಡು. ಹವಾಯಿ ಚಪ್ಪಲಿಯಲ್ಲಿದ್ದರೆ ಅವರನ್ನು ಕಂಬ ಹತ್ತಿಸಬೇಡ. ಕೈಗವಸು, ಬೂಟು, ಬೆಲ್ಟ್, ಹೆಲ್ಮೆಟ್ ಒದಗಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೇ ಹೇಳುತ್ತವೆ. ಕೇಳುವುದರಲ್ಲಿ ಸಂಕೋಚವೇನೂ ಬೇಡ. ಇಲ್ಲವೆಂದರೆ ಶಾಖಾಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆದುಕೋ. ಕರೆಂಟಿಲ್ಲವೆಂದು ಊರವರು ಬೈದರೆ ಬೈಸಿಕೋ. ಒಂದು ರಾತ್ರಿ ಕತ್ತಲಲ್ಲಿದ್ದರೆ ಊರಿಗೇನೂ ಆಗುವುದಿಲ್ಲ, ನಿನಗೇನಾದರೂ ಆದರೆ ಅಕ್ಕ ತಡೆದುಕೊಳ್ಳಲಾರಳು.

ನಿನಗೆ ಕೊಟ್ಟ ಕೈಗವಸಿನ ಕ್ಲಾಸ್ ಎಷ್ಟು, ಕೊನೆಯ ಪರೀಕ್ಷೆ ಯಾವಾಗ ಆಗಿದೆ ಎಂದು ನೋಡಿ ಈ ಭಾನುವಾರ ಫೋನ್ ಮಾಡು.

ಇಂತಿ,
ನಿನ್ನ ಮಾವ