ಖಾಲಿ ಮನೆಯ ಫೋಟೋಗೆ ಸೋಫಾ ಹಾಕುವ ಬಗ್ಗೆ: ನಮ್ಮ ಗ್ರಾಹಕರಿಗೆ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ ಬದಿಯಡ್ಕ ಆಫೀಸಿನ ಮೂಲಕ ಮಾರಾಟಕ್ಕೆ ಬರುವ ಖಾಲಿ ಮನೆಗಳ ಫೋಟೋಗಳಲ್ಲಿ ಒಂದು ಬದಲಾವಣೆ ಕಾಣುತ್ತೀರಿ. ಕೆಲವು ಕೋಣೆಗಳಲ್ಲಿ ಸೋಫಾ, ಮಂಚ, ಡೈನಿಂಗ್ ಟೇಬಲ್ ಇರುತ್ತವೆ. ಅವು ನಿಜವಾಗಿ ಅಲ್ಲಿರುವುದಿಲ್ಲ, ಕಂಪ್ಯೂಟರಿನಲ್ಲಿ ಸೇರಿಸಿದವು. ಇದಕ್ಕೆ ವರ್ಚುವಲ್ ಸ್ಟೇಜಿಂಗ್ ಎನ್ನುತ್ತಾರೆ. ಇದನ್ನು ಯಾಕೆ ಶುರು ಮಾಡುತ್ತಿದ್ದೇವೆ, ಎಲ್ಲಿ ನಿಲ್ಲಿಸುತ್ತೇವೆ ಎನ್ನುವುದನ್ನು ನಿಮಗೆ ಮೊದಲೇ ಹೇಳಬೇಕು.

ನಮ್ಮ ಕಡೆ ವರ್ಷಗಟ್ಟಲೆ ಬೀಗ ಹಾಕಿದ ಮನೆಗಳು ಜಾಸ್ತಿ. ಮನೆಯವರು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಸಾಮಾನು ಖಾಲಿ ಮಾಡಿದ ಕೋಣೆಯ ಫೋಟೋ ನೋಡಿದರೆ ಅದು ಚಾವಡಿಯೋ ಮಲಗುವ ಕೋಣೆಯೋ ಎಂದೇ ಗೊತ್ತಾಗುವುದಿಲ್ಲ. ಎಷ್ಟು ದೊಡ್ಡದು ಎಂದು ಅಂದಾಜು ಮಾಡಲು ಕಣ್ಣಿಗೆ ಏನೂ ಸಿಗುವುದಿಲ್ಲ. ಕೊಳ್ಳುವವರೂ ಮೊದಲು ನೋಡುವುದು ವಾಟ್ಸಾಪಿನಲ್ಲೇ ಅಲ್ವಾ? ಮಂಗಳೂರಿನಿಂದ ಲಾರಿಯಲ್ಲಿ ಬಾಡಿಗೆ ಸಾಮಾನು ತಂದು ಜೋಡಿಸಿ ಫೋಟೋ ತೆಗೆಯುವ ಖರ್ಚು ಸಣ್ಣ ಮನೆ ಮಾರುವವರಿಗೆ ಹೊರೆ. ಕಂಪ್ಯೂಟರಿನ ಕೆಲಸಕ್ಕೆ ಅಷ್ಟು ಬೇಡ.

ಆದರೆ ಇದರಲ್ಲಿ ಮೋಸ ಹೋಗುವುದೂ ಬಹಳ ಸುಲಭ. ಹತ್ತಡಿ ಹತ್ತಡಿ ಕೋಣೆಯನ್ನೇ ತೆಗೆದುಕೊಳ್ಳಿ. ದೊಡ್ಡ ಡಬಲ್ ಮಂಚಕ್ಕೆ ಆರಡಿ ಅಗಲ ಹೋಯಿತು. ಪಕ್ಕದ ಗೋಡೆಗೆ ಎರಡಡಿ ಆಳದ ಕಪಾಟು ಇಟ್ಟರೆ ನಡುವೆ ಉಳಿಯುವುದು ಎರಡೇ ಅಡಿ. ಕಪಾಟಿನ ಒಂದೂವರೆ ಅಡಿ ಬಾಗಿಲು ತೆರೆದರೆ ನಡೆಯಲು ಜಾಗವೇ ಇಲ್ಲ. ಫೋಟೋದಲ್ಲಿ ಮಾತ್ರ ಅದೇ ಮಂಚವನ್ನು ಸ್ವಲ್ಪ ಸಣ್ಣದು ಮಾಡಿದರೆ ಕೋಣೆ ಅರಮನೆ ಆಗುತ್ತದೆ. ವೈಡ್ ಲೆನ್ಸಿನಲ್ಲಿ ತೆಗೆದ ಫೋಟೋ ಆದರೆ ಕೇಳುವುದೇ ಬೇಡ. ಆದ್ದರಿಂದ ನಾವು ಹಾಕುವ ಪ್ರತಿ ಸಾಮಾನೂ ಅಂಗಡಿಯಲ್ಲಿ ಸಿಗುವ ಅಳತೆಯದ್ದೇ ಆಗಿರುತ್ತದೆ. ಟೇಪು ಹಿಡಿದು ಅಳೆದ ಕೋಣೆಯ ಉದ್ದ ಅಗಲವನ್ನು ಫೋಟೋದ ಕೆಳಗೆ ಬರೆಯುತ್ತೇವೆ.

ಸಾಮಾನು ಸೇರಿಸುತ್ತೇವೆ, ಮನೆಯನ್ನು ಮುಟ್ಟುವುದಿಲ್ಲ. ಇದು ನಮ್ಮ ಗಟ್ಟಿ ನಿರ್ಧಾರ. ಆಟಿ ತಿಂಗಳ ಮಳೆಗೆ ಮುರಕಲ್ಲಿನ ಗೋಡೆಯಲ್ಲಿ ಪಸೆ ಏರಿದ್ದರೆ ಆ ಕಲೆ ಫೋಟೋದಲ್ಲಿ ಇರಲೇಬೇಕು. ಸ್ಲ್ಯಾಬಿನ ಬಿರುಕು, ಒಡೆದ ಹಂಚು, ಪಾಗಾರದ ಹಾವಸೆ, ಹಳೆ ವೈರಿಂಗ್ ಎಲ್ಲವೂ ಇದ್ದ ಹಾಗೇ ಇರಬೇಕು. "ಆ ಕಲೆಯೊಂದನ್ನು ಅಳಿಸಿಬಿಡಿ" ಎಂದು ಮಾರುವವರು ಕೇಳಿದರೂ ಅಳಿಸುವುದಿಲ್ಲ. ಮನೆ ಮಾರುವ ಹಿರಿಯರಿಗೆ ಇದು ಬೇಸರ ತರಬಹುದು. ಆದರೆ ಯೋಚಿಸಿ. ರಜೆ ಹಾಕಿ, ಟಿಕೆಟ್ ತೆಗೆದು ಗಲ್ಫಿನಿಂದ ಬಂದವರು ಬಾಗಿಲು ತೆರೆದು ಪಸೆ ನೋಡಿದರೆ ಆಮೇಲೆ ನಿಮ್ಮ ದಾಖಲೆ ಪತ್ರಗಳನ್ನೂ ನಂಬುವುದಿಲ್ಲ. ದರದಲ್ಲಿ ಹಿಡಿದು ಜಗ್ಗುತ್ತಾರೆ. ಮೊದಲೇ ಗೊತ್ತಿದ್ದು ಬಂದವರು ರಿಪೇರಿಯ ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ.

ಕಿಟಕಿಯ ಆಚೆಗಿರುವುದನ್ನೂ ಬದಲಿಸುವುದಿಲ್ಲ. ಉಪ್ಪಳ, ಕುಂಬಳೆ ಕಡೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಮನೆಗಳಲ್ಲಿ ಸರ್ವಿಸ್ ರೋಡ್ ಎಷ್ಟು ಹತ್ತಿರ ಎನ್ನುವುದೇ ದೊಡ್ಡ ವಿಷಯ. ಅಲ್ಲಿ ತೆಂಗಿನ ತೋಟ ಬಿಡಿಸಿ ತೋರಿಸುವುದು ಶುದ್ಧ ಸುಳ್ಳು. ಹಗ್ಗದ ಮೇಲಿನ ಬಟ್ಟೆ, ಅಂಗಳದ ಕೊಡಪಾನಗಳನ್ನು ಮಾತ್ರ ಫೋಟೋ ತೆಗೆಯುವ ಮೊದಲೇ ಕೈಯಲ್ಲೇ ಎತ್ತಿ ಬದಿಗಿಡುತ್ತೇವೆ.

ಸಾಮಾನು ಸೇರಿಸಿದ ಪ್ರತಿ ಫೋಟೋದ ಮೇಲೆ "ಸಾಮಾನು ಕಂಪ್ಯೂಟರಿನದು" ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿರುತ್ತದೆ. ಅದರ ಜೊತೆಗೇ ಖಾಲಿ ಕೋಣೆಯ ಫೋಟೋ ಇರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಕಳಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ಕಾನೂನು 2026ರ ಜನವರಿ 1ರಿಂದ ಜಾರಿಗೆ ಬಂದಿದೆ: ಫೋಟೋ ತಿದ್ದಿದ್ದರೆ ತಿಳಿಸಬೇಕು, ತಿದ್ದದ ಫೋಟೋವನ್ನೂ ನೋಡಲು ಕೊಡಬೇಕು. ನಮ್ಮಲ್ಲಿ 2016ರ ರೇರಾ ಕಾಯ್ದೆಯ (ಮನೆ, ಫ್ಲ್ಯಾಟ್ ಕಟ್ಟಿ ಮಾರುವ ಬಿಲ್ಡರ್‌ಗಳನ್ನು ನಿಯಂತ್ರಿಸುವ ಕಾನೂನು) 12ನೇ ಸೆಕ್ಷನ್ ಇದೆ. ಬಿಲ್ಡರ್ ಕೊಟ್ಟ ಸುಳ್ಳು ಜಾಹೀರಾತನ್ನೋ ಮಾದರಿ ಫ್ಲ್ಯಾಟನ್ನೋ ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು. ಹಿಂದೆ ಸರಿಯುವುದಾದರೆ ಹಣ ಬಡ್ಡಿ ಸಮೇತ ವಾಪಸು ಸಿಗಬೇಕು. ಆದರೆ ಒಬ್ಬರು ತಮ್ಮ ಹಳೆ ಮನೆಯನ್ನು ಇನ್ನೊಬ್ಬರಿಗೆ ಮಾರುವಾಗ ಆ ಸೆಕ್ಷನ್ ಕೆಲಸಕ್ಕೆ ಬರುವುದಿಲ್ಲ. ನಮ್ಮ ವ್ಯವಹಾರ ಹೆಚ್ಚಾಗಿ ಅಂಥ ಮನೆಗಳದ್ದೇ. ಹಾಗಾಗಿ ಈ ನಿಯಮ ನಾವೇ ಹಾಕಿಕೊಂಡಿದ್ದೇವೆ.

ಇಷ್ಟಾದರೂ ಫೋಟೋ ತೋರಿಸಲಾಗದ್ದು ಇದ್ದೇ ಇದೆ. ಬೇಸಿಗೆಯಲ್ಲಿ ಬಾವಿಯಲ್ಲಿ ಎಷ್ಟು ನೀರು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಮೇ ತಿಂಗಳಿಗೂ ಬರುತ್ತದೆಯೇ, ಮಳೆಗಾಲದಲ್ಲಿ ಅಂಗಳದವರೆಗೆ ಕಾರು ಬರುತ್ತದೆಯೇ? ಇವನ್ನು ಮನೆಯವರ ಹತ್ತಿರ ಕೇಳಿ ಬರೆದುಕೊಡುತ್ತೇವೆ. ನೀವೇ ಬರಲು ಆಗದಿದ್ದರೆ ಇಲ್ಲಿರುವ ಅಣ್ಣನನ್ನೋ ಭಾವನನ್ನೋ ಕಳಿಸಿ. ನಾವು ಬೀಗ ತೆರೆದು ತೋರಿಸುತ್ತೇವೆ.

ಮನೆ ಮಾರಲು ಈಗಾಗಲೇ ನಮಗೆ ಒಪ್ಪಿಸಿದವರು ಫೋಟೋಗೆ ಸಾಮಾನು ಬೇಡ ಎಂದಾದರೆ ಈ ತಿಂಗಳೊಳಗೆ ಒಂದು ಫೋನ್ ಮಾಡಿ ಹೇಳಿ. ಹಳೆಯ ಫೋಟೋಗಳನ್ನೇ ಮುಂದುವರಿಸುತ್ತೇವೆ. ಬೇಕು ಎಂದವರ ಮನೆಗೆ ಅಳತೆಗೆ ನಮ್ಮ ಹುಡುಗರು ಬರುತ್ತಾರೆ. ಇದಕ್ಕೆ ಬೇರೆ ಚಾರ್ಜ್ ಇಲ್ಲ, ಕಮಿಷನ್ ಮೊದಲಿನಷ್ಟೇ.

ನಿಮ್ಮವರು,
ಬದಿಯಡ್ಕ ಆಫೀಸಿನ ಎಲ್ಲರೂ