ಸೈಟು ಮೊದಲು, ಮೋರಿ ಆಮೇಲೆ

ಮಾನ್ಯ ಸಂಪಾದಕರೇ,

ಜುಲೈ 11ರ ವಿಶ್ವ ಜನಸಂಖ್ಯಾ ದಿನ ಬಂತೆಂದರೆ ‘ಜನ ಹೆಚ್ಚಾದರು, ಪರಿಸರ ಹಾಳಾಯಿತು’ ಎಂಬ ಭಾಷಣ ತಪ್ಪಿದ್ದಲ್ಲ. ನಮ್ಮ ಕಡೆಯ ಲೆಕ್ಕ ಅಷ್ಟು ಸರಳವಾಗಿಲ್ಲ. ಮಂಡ್ಯ ಜಿಲ್ಲೆಯಲ್ಲಿ 2001ರಲ್ಲಿ 17.63 ಲಕ್ಷ ಜನರಿದ್ದರು, 2011ರಲ್ಲಿ 18.05 ಲಕ್ಷ. ಹತ್ತು ವರ್ಷಕ್ಕೆ ಅರ್ಧ ಲಕ್ಷವೂ ಏರಲಿಲ್ಲ. ಅಷ್ಟರಲ್ಲೇ ಮೈಸೂರು ಜಿಲ್ಲೆ 26.41 ಲಕ್ಷದಿಂದ 30.01 ಲಕ್ಷಕ್ಕೆ ಹೋಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಹಿಳೆಗೆ ಸರಾಸರಿ 1.7 ಮಕ್ಕಳು. ಹೀಗಿರುವಾಗ ತೊಟ್ಟಿಲನ್ನು ದೂರುವ ಬದಲು ಊರಂಚಿನ ಬಡಾವಣೆಗಳ ಮೋರಿ ಎತ್ತ ಹರಿಯುತ್ತದೆಂದು ನೋಡುವುದು ಒಳ್ಳೆಯದು.

500 ಸೈಟಿನ ಬಡಾವಣೆ ಎನ್ನಿ. ಮನೆಗೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80 ಮೋರಿಗೆ: ದಿನಕ್ಕೆ 2.16 ಲಕ್ಷ ಲೀಟರ್ ಕೊಳಚೆ. ಮೈಸೂರಿನ ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆಯ ಶುದ್ಧೀಕರಣ ಘಟಕಗಳಿಗೆ ಒಳಚರಂಡಿ (ಯುಜಿಡಿ) ಕೂಡದ ಬಡಾವಣೆಗೆ ಸ್ವಂತ ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಬೇಕು. ಪೂರ್ತಿ 500 ಮನೆಯ ಲೆಕ್ಕಕ್ಕೆ ಒಂದೇ ತೊಟ್ಟಿ ಕಟ್ಟುತ್ತಾರೆ. ಮೊದಲ ವರ್ಷಗಳಲ್ಲಿ ಮೇಲೇಳುವುದು 60 ಮನೆ, ಬರುವ ಕೊಳಚೆ 26 ಸಾವಿರ ಲೀಟರ್. ಕೊಳಚೆ ತಿಂದು ಬದುಕಬೇಕಾದ ಸೂಕ್ಷ್ಮಜೀವಿಗಳಿಗೆ ಮೇವಿಲ್ಲ. ಮೇಲಾಗಿ ಕರೆಂಟು ಬಿಲ್ಲು ಉಳಿಸಲು ತೊಟ್ಟಿಗೆ ಗಾಳಿ ಊದುವ ಬ್ಲೋವರನ್ನು ರಾತ್ರಿ ಆರಿಸುತ್ತಾರೆ, ಅವುಗಳ ಉಸಿರಿಗೂ ಕುತ್ತು. ಆಮೇಲೆ ಘಟಕದ ಬಾಗಿಲಿಗೆ ಬೀಗ, ಕೊಳಚೆ ಮಳೆನೀರಿನ ಕಾಲುವೆಗೆ.

ಘಟಕ ಜೀವಂತವಿದೆಯೇ ಎಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಗಾಳಿ ಆಡಿಸುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಅಲುಗಿಸದೆ ಇಡಿ. ತಳದಲ್ಲಿ 200ರಿಂದ 400 ಮಿಲಿಲೀಟರ್ ಕಂದು ಕೆಸರು ಕೂತು, ಮೇಲೆ ತಿಳಿನೀರು ನಿಂತು, ಮಣ್ಣಿನ ವಾಸನೆ ಬಂದರೆ ಸರಿಯಿದೆ. ಕೆಸರು ಕಪ್ಪಗಿದ್ದು ಕೊಳೆತ ಮೊಟ್ಟೆಯ ನಾತ ಹೊಡೆದರೆ ಗಾಳಿ ಸಾಲುತ್ತಿಲ್ಲ. ಕೆಸರೇ ಕೂರದಿದ್ದರೆ ಅಲ್ಲಿ ಕೆಲಸ ನಡೆಯುತ್ತಿಲ್ಲ. ಜೊತೆಗೆ ಘಟಕದ ವಿದ್ಯುತ್ ಮೀಟರನ್ನು ತಿಂಗಳಿಗೊಮ್ಮೆ ಓದಿ. ಬ್ಲೋವರ್ ತಿರುಗಿದ್ದರೆ ಮೀಟರೂ ತಿರುಗಿರುತ್ತದೆ.

‘ಮನೆಯ ಕೊಳಚೆಗೆ ಇಂಗುಗುಂಡಿ ತೋಡಿದರಾಯಿತು’ ಎನ್ನುವವರು ಸೈಟನ್ನು ಅಳೆಯಲಿ. ಇಂಗುಗುಂಡಿಯಿಂದ ಕುಡಿಯುವ ನೀರಿನ ಬಾವಿಗೆ 18 ಮೀಟರ್ ಅಂತರ ಬೇಕು. 30×40 ಸೈಟಿನ ಮೂಲೆಯಿಂದ ಮೂಲೆಗೇ 15 ಮೀಟರ್ ಚಿಲ್ಲರೆ. ಪಕ್ಕದ ಮನೆಯ ಬೋರ್‌ವೆಲ್ ಇನ್ನೂ ಹತ್ತಿರ. ಮಂಡ್ಯದ ನಾಲಾ ಬಯಲಿನಲ್ಲಂತೂ ಅಂತರ್ಜಲ ಮೇಲೇ ಇರುವ ಕಡೆ ಗುಂಡಿ ಇಂಗುವುದೇ ಇಲ್ಲ, ತುಂಬಿ ಗದ್ದೆ ಕಾಲುವೆಗೆ ಹರಿಯುತ್ತದೆ.

ಕೆರೆಗೆ ಬಂದ ಕೊಳಚೆಯ ಸಾರಜನಕ, ರಂಜಕ ಉಂಡು ಪಾಚಿ, ಅಂತರಗಂಗೆ ಹಬ್ಬುತ್ತವೆ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಬೇಸಿಗೆಯ ಮೊದಲ ಜೋರು ಮಳೆಗೆ ಕಾಲುವೆಯ ತಳದ ಕೊಳೆತ ಕೆಸರೆಲ್ಲ ಒಮ್ಮೆಗೇ ಕೆರೆಗೆ ನುಗ್ಗಿದರೆ ಉಳಿದ ಆಮ್ಲಜನಕವೂ ಮುಗಿಯುತ್ತದೆ. ಬೆಳಗಾಗುವಷ್ಟರಲ್ಲಿ ಮೀನು ತೇಲುವುದು ಇದಕ್ಕೇ. ‘ಯಾರೋ ವಿಷ ಹಾಕಿದರು’ ಎಂಬ ಮಾತು ಮಾತ್ರ ಪ್ರತಿ ಸಲ ಏಳುತ್ತದೆ.

ನಗರಾಭಿವೃದ್ಧಿ ಪ್ರಾಧಿಕಾರಗಳು ಒಂದೇ ದೊಡ್ಡ ಎಸ್‌ಟಿಪಿಗೆ ಒಪ್ಪಿಗೆ ಕೊಡದೆ, ಮನೆ ಎದ್ದಂತೆ ಒಂದೊಂದಾಗಿ ಚಾಲೂ ಮಾಡುವ ಮೂರು–ನಾಲ್ಕು ಸಣ್ಣ ತೊಟ್ಟಿ ಕೇಳಲಿ. ಮೊದಲ ತೊಟ್ಟಿ ಓಡುವವರೆಗೆ ಕೊಳಚೆಯನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದು ಸಕ್ಕಿಂಗ್ ಲಾರಿಯಲ್ಲಿ ನಗರದ ಘಟಕಕ್ಕೇ ಸಾಗಿಸಬೇಕು, ಖರ್ಚು ಬಡಾವಣೆ ಮಾಡಿದವರದು. ಕೊನೆಯ ಕಂತಿನ ಸೈಟು ಬಿಡುವ ಮುನ್ನ ಆ ಜಾಡಿಯನ್ನೂ ಮೀಟರನ್ನೂ ಅಧಿಕಾರಿಗಳು ಸ್ಥಳದಲ್ಲೇ ನೋಡಲಿ. ಮೈಸೂರಿಗೆ ಕುಡಿಯುವ ನೀರು ತರುವ ಹಳೇ ಉಂಡುವಾಡಿ ಯೋಜನೆಯ ನೀರು ಯಾವಾಗ ಬರುತ್ತದೆಂದು ಎಲ್ಲರೂ ಕೇಳುತ್ತಾರೆ. ಯುಜಿಡಿ ಇಲ್ಲದ ಬೀದಿಗೆ ಬರುವ ಪ್ರತಿ ನೂರು ಲೀಟರಿನಲ್ಲಿ ಎಂಬತ್ತು ಅದೇ ಕಾಲುವೆ ಹಿಡಿದು ಕೆರೆಗೆ ಹೋಗುತ್ತದೆ.

— ನಿವೃತ್ತ ಒಳಚರಂಡಿ ಎಂಜಿನಿಯರ್, ಕುವೆಂಪುನಗರ, ಮೈಸೂರು